ಮಂಡಿ ನೋವು, ಬಿಪಿ ಇರುವವರಿಗೆ ಹೊರಗಿನ ಓಡಾಟವೇ ವ್ಯಾಯಾಮವಾಗಿ ಸಾಕಾಗುತ್ತದೆಯೇ?

ಮಂಡಿ ನೋವಿದೆ, ಬಿಪಿಗೆ ಮಾತ್ರೆ ತಗೊಳ್ತಿದ್ದೀರಿ. ಬ್ಯಾಂಕು, ಔಷಧಿ ಅಂಗಡಿ, ತರಕಾರಿ ಅಂತ ಸುತ್ತಿ ಬರುವಷ್ಟರಲ್ಲೇ ಸಾಕುಸಾಕಾಗುತ್ತದೆ, ಇದರ ಮೇಲೆ ವಾಕಿಂಗ್ ಬೇರೆ ಹೋಗಬೇಕಾ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ. ಸವೆದ ಎಡ ಮಂಡಿ ಮತ್ತು ಬಿಪಿ ಎರಡನ್ನೂ ಕಟ್ಟಿಕೊಂಡು ಆರೇಳು ವರ್ಷದಿಂದ ಓಡಾಡುತ್ತಿರುವವನು, ಅಷ್ಟೆ.

ನನ್ನ ಉತ್ತರ: ಹೊರಗೆ ಸುತ್ತಿದ ದಿನ ವಾಕಿಂಗ್ ಬಿಟ್ಟರೂ ನಡೆಯುತ್ತದೆ, ತೊಡೆಯ ವ್ಯಾಯಾಮ ಮಾತ್ರ ಬಿಡಬೇಡಿ.

ಓಡಾಟವೂ ಲೆಕ್ಕಕ್ಕೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಶ್ರಮ ಬೇಕು ಅನ್ನುತ್ತದೆ. ಮೊದಲು ಒಂದು ಸಲಕ್ಕೆ ಕನಿಷ್ಠ 10 ನಿಮಿಷವಾದರೂ ಆಗಬೇಕು ಎಂಬ ಷರತ್ತಿತ್ತು, 2020ರ ಮಾರ್ಗಸೂಚಿಯಲ್ಲಿ ಅದನ್ನು ಕೈಬಿಟ್ಟರು. ಹಾಗಾಗಿ ಔಷಧಿ ಅಂಗಡಿಗೆ ಹೋಗಿಬರುವ ಐದೈದು ನಿಮಿಷವೂ ನಿಮ್ಮ ಖಾತೆಗೇ ಸೇರುತ್ತದೆ. ಆದರೆ ಕೌಂಟರಿನ ಮುಂದೆ ಸಾಲಿನಲ್ಲಿ ನಿಂತ ಅರ್ಧ ಗಂಟೆ ಸುಸ್ತು ಕೊಡುತ್ತದೆಯೇ ಹೊರತು ವ್ಯಾಯಾಮ ಅನ್ನಿಸಿಕೊಳ್ಳುವುದಿಲ್ಲ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆ ವೇಗ ಸಾಕು. (ದಿನಕ್ಕೆ 10,000 ಹೆಜ್ಜೆ ಅಂತ ಯಾರಾದರೂ ಹೆದರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ಆ ಸಂಖ್ಯೆ ಪ್ರಚಾರಕ್ಕೆ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ.)

ನಾನು ಕೆಟ್ಟದ್ದು ನೋವಿದ್ದ ದಿನಗಳಲ್ಲಲ್ಲ, ನೋವಿಲ್ಲದ ದಿನಗಳಲ್ಲಿ. ಒಂದು ದಿನ ಬೆಳಿಗ್ಗೆ ಮಂಡಿ ಹಗುರವಾಗಿತ್ತು. ಬಾಕಿ ಬಿದ್ದಿದ್ದ ನಾಲ್ಕು ಕೆಲಸವನ್ನೂ ಒಂದೇ ಏಟಿಗೆ ಮುಗಿಸಿಬಿಡೋಣ ಅಂತ ಹೊರಟೆ. ಎರಡು ಚೀಲ ಒಂದೇ ಕೈಯಲ್ಲಿ, ಲಿಫ್ಟ್ ಕೆಟ್ಟಿದ್ದ ಕಟ್ಟಡದಲ್ಲಿ ಎರಡು ಮಹಡಿ ಬೇರೆ ಇಳಿದೆ. ಆಮೇಲೆ ಮೂರು ದಿನ ಹಾಸಿಗೆ. ಫಿಸಿಯೋಥೆರಪಿಸ್ಟ್ ಕೇಳಿದ್ದು ಒಂದೇ ಪ್ರಶ್ನೆ: "ಮರುದಿನ ಬೆಳಿಗ್ಗೆ ಹೇಗಿತ್ತು?" ಅಂದಿನಿಂದ ಅದೇ ನನ್ನ ಅಳತೆ. ಬೆಳಿಗ್ಗೆ ನೋವು ಎಂದಿನಷ್ಟೇ ಇದ್ದರೆ ಹಿಂದಿನ ದಿನದ ಓಡಾಟ ಸರಿಯಾಗಿತ್ತು, ಜಾಸ್ತಿಯಾಗಿದ್ದರೆ ಒಂದು ಕೆಲಸ ಕಡಿಮೆ. ಈಗ ದಿನಕ್ಕೆ ಎರಡಕ್ಕಿಂತ ಹೆಚ್ಚು ಕೆಲಸ ಇಟ್ಟುಕೊಳ್ಳುವುದಿಲ್ಲ, ಮಂಡಿ ಎಷ್ಟೇ ಚೆನ್ನಾಗಿರಲಿ.

ಊರುಗೋಲಿನ ವಿಷಯದಲ್ಲೂ ಪೆದ್ದನಾಗಿದ್ದೆ. ನೋವು ಎಡಗಾಲಲ್ಲಿ ಅಂತ ತಿಂಗಳುಗಟ್ಟಲೆ ಎಡಗೈಯಲ್ಲೇ ಹಿಡಿದೆ. ಹಿಡಿಯಬೇಕಾದ್ದು ಎದುರು ಕೈಯಲ್ಲಿ. ನೋಯುವ ಕಾಲು ಮುಂದಿಡುವಾಗ ಕೋಲೂ ಜೊತೆಗೇ ಮುಂದೆ ಹೋಗಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಭಾರವನ್ನು ಎರಡು ಕೈಗೂ ಹಂಚಿ, ಇಲ್ಲವೇ ಬೆನ್ನಿಗೆ ಹಾಕಿಕೊಳ್ಳಿ.

ತೊಡೆಯ ವಿಷಯಕ್ಕೆ ಬರುತ್ತೇನೆ. ಮಂಡಿಯ ಭಾರವನ್ನು ಹಂಚಿಕೊಳ್ಳುವುದು ತೊಡೆಯ ಮುಂಭಾಗದ ಸ್ನಾಯು, ಸಮತಟ್ಟಾದ ದಾರಿಯಲ್ಲಿ ಎಷ್ಟು ನಡೆದರೂ ಅದಕ್ಕೆ ಹೆಚ್ಚು ಬಲ ಬರುವುದಿಲ್ಲ. ನಾನು ಮಾಡುವುದು ಎರಡೇ. ಎತ್ತರದ ಕುರ್ಚಿಯಿಂದ ಕೈ ಊರದೆ ನಿಧಾನಕ್ಕೆ ಎದ್ದು ಕೂರುವುದು, ಮತ್ತು ಅಂಗಾತ ಮಲಗಿ ಒಂದು ಕಾಲು ಮಡಚಿ ಇನ್ನೊಂದನ್ನು ನೇರವಾಗಿ ಒಂದಡಿ ಎತ್ತಿ ಇಳಿಸುವುದು. ಎಂಟು ಹತ್ತು ಸಲ, ಎರಡು ಸುತ್ತು. ಹತ್ತು ನಿಮಿಷವೂ ಹಿಡಿಯದು. ಉಸಿರು ಬಿಗಿ ಹಿಡಿಯಬೇಡಿ, ಬಿಪಿ ಏರುತ್ತದೆ.

ಬಿಪಿ ಅಂದಾಗ ನೆನಪಾಯಿತು: ಹೊರಗಿಂದ ಬಂದ ಕೂಡಲೇ ಯಂತ್ರಕ್ಕೆ ಕೈ ಕೊಟ್ಟು ನಾನು ಎಷ್ಟೋ ಸಲ ಗಾಬರಿಯಾಗಿದ್ದೇನೆ. ಕನಿಷ್ಠ ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂತು ನೋಡಿ. ಹಾಸಿಗೆಯಿಂದ ಏಳುವಾಗ ತಲೆ ಸುತ್ತುತ್ತಿದ್ದರೆ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಿ, ಮಾತ್ರೆಯ ಬಗ್ಗೆ ಡಾಕ್ಟರಿಗೂ ಹೇಳಿ. ನಡೆಯುವಾಗ ಎದೆ ಬಿಗಿತ, ಎಂದೂ ಇಲ್ಲದ ಏದುಸಿರು ಬಂದರೆ ಅಲ್ಲೇ ನಿಂತು ಆಸ್ಪತ್ರೆಗೆ ಹೋಗಿ.

ನಿಮ್ಮ ಮಂಡಿ ಊದಿದೆಯೋ ಇಲ್ಲವೋ ನೀವು ಬರೆದಿಲ್ಲ. ಊದಿದ್ದರೆ, ಬಿಸಿಯಾಗಿದ್ದರೆ ಕುರ್ಚಿಯ ವ್ಯಾಯಾಮವನ್ನೂ ಈಗಲೇ ಶುರು ಮಾಡಬೇಡಿ, ಮೊದಲು ತೋರಿಸಿ.