ಹೆಬ್ಬೆರಳಿನ ಆಚೆಯ ಎಬರ್ಟ್

ಕಳೆದ ಸಂಚಿಕೆಯಲ್ಲಿ ಅಮೆರಿಕದ ಸಿನಿಮಾ ವಿಮರ್ಶಕ ರೋಜರ್ ಎಬರ್ಟ್ ಅವರನ್ನು ಹೊಗಳಿದ್ದು ನಿಮಗೆ ಸರಿಬಂದಿಲ್ಲ. ‘ಟಿವಿಯಲ್ಲಿ ಹೆಬ್ಬೆರಳು ಎತ್ತಿ, ಇಳಿಸಿ ಸಿನಿಮಾದ ಹಣೆಬರಹ ಬರೆದವರು ದೊಡ್ಡ ವಿಮರ್ಶಕರು ಹೇಗಾಗುತ್ತಾರೆ? ಈಗಿನ ಸ್ಟಾರ್ ಹಂಚುವ ಚಾಳಿಗೆ ಅವರೇ ಮೂಲ ಅಲ್ವಾ?’ ಎಂದು ಕೇಳಿದ್ದೀರಿ.

ಹೆಬ್ಬೆರಳಿನ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವೇ. ಎದುರಾಳಿ ಪತ್ರಿಕೆ ‘ಷಿಕಾಗೊ ಟ್ರಿಬ್ಯೂನ್’ನ ವಿಮರ್ಶಕ ಜೀನ್ ಸಿಸ್ಕೆಲ್ ಜೊತೆ ಕೂತು ಎಬರ್ಟ್ ಟಿವಿಯಲ್ಲಿ ಜಗಳವಾಡಿದ್ದು ಮಜವಾಗಿರುತ್ತಿತ್ತು. ಆದರೆ ನಿರ್ಮಾಪಕರಿಗೆ ಬೇಕಾಗಿದ್ದು ಆ ಜಗಳವಲ್ಲ, ಪೋಸ್ಟರಿಗೆ ಹಾಕಿಕೊಳ್ಳಲು ಇಬ್ಬರೂ ಎತ್ತಿದ ಎರಡು ಹೆಬ್ಬೆರಳು, ಅಷ್ಟೇ.

ಆದರೆ ಎಬರ್ಟ್ ಮೂಲತಃ ಪತ್ರಿಕೆಯ ಮನುಷ್ಯ. 1967ರಲ್ಲಿ, ಇನ್ನೂ 24 ವರ್ಷದವರಿದ್ದಾಗ, ‘ಷಿಕಾಗೊ ಸನ್-ಟೈಮ್ಸ್’ನ ಸಿನಿಮಾ ವಿಮರ್ಶಕರಾದರು. 2013ರಲ್ಲಿ ತೀರಿಕೊಳ್ಳುವವರೆಗೂ ಅದೇ ಪತ್ರಿಕೆ. 1975ರಲ್ಲಿ ಅಮೆರಿಕದ ದೊಡ್ಡ ಪತ್ರಿಕೋದ್ಯಮ ಪ್ರಶಸ್ತಿಯಾದ ಪುಲಿಟ್ಜರ್ ಬಂತು. ಸಿನಿಮಾ ವಿಮರ್ಶಕರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಟಿವಿಯಿಂದ ದೇಶವೆಲ್ಲ ಗುರುತು ಹಿಡಿದದ್ದು ಆಮೇಲೆ. ‘ಮೊದಲು ನೀನೊಂದು ಸಿನಿಮಾ ಮಾಡಿ ತೋರಿಸು’ ಎಂದು ವಿಮರ್ಶಕರನ್ನು ಕೆಣಕುತ್ತಾರಲ್ಲ, ಅದನ್ನೂ ಮಾಡಿದವರು. 1970ರಲ್ಲಿ ನಿರ್ದೇಶಕ ರಸ್ ಮೇಯರ್ ಅವರ ಚಿತ್ರವೊಂದಕ್ಕೆ ಚಿತ್ರಕಥೆ ಬರೆದು, ಬೇರೆ ವಿಮರ್ಶಕರಿಂದ ಚೆನ್ನಾಗಿ ಬೈಸಿಕೊಂಡರು.

ಇನ್ನು ಸ್ಟಾರ್. ಅವರ ಲೆಕ್ಕದಲ್ಲಿ ಹೊಡೆದಾಟದ ಸಿನಿಮಾಗೆ ಹೊಡೆದಾಟದ ಸಿನಿಮಾವೇ ಅಳತೆ. ಸ್ಟಾರ್ ಮಾತ್ರ ನೋಡಿದರೆ ಇದು ಗೊತ್ತಾಗುವುದಿಲ್ಲ, ವಿಮರ್ಶೆ ಓದಲೇಬೇಕು. 2003ರಲ್ಲಿ ಫ್ರಾನ್ಸ್‌ನ ಕಾನ್ ಚಿತ್ರೋತ್ಸವದಲ್ಲಿ ನಿರ್ದೇಶಕ ವಿನ್ಸೆಂಟ್ ಗ್ಯಾಲೊ ಅವರ ‘ದಿ ಬ್ರೌನ್ ಬನ್ನಿ’ ನೋಡಿ, ಆ ಉತ್ಸವದ ಇತಿಹಾಸದಲ್ಲೇ ಇಷ್ಟು ಕೆಟ್ಟ ಸಿನಿಮಾ ಬಂದಿಲ್ಲ ಎಂದುಬಿಟ್ಟರು. ಗ್ಯಾಲೊ ತಿರುಗಿ ಅವರ ದಪ್ಪ ಮೈಯನ್ನು ಹೀಯಾಳಿಸಿದರು. ಆಮೇಲೆ ಗ್ಯಾಲೊ ಸುಮಾರು 26 ನಿಮಿಷ ಕತ್ತರಿಸಿ ಚಿತ್ರ ಬಿಡುಗಡೆ ಮಾಡಿದರು. ಎಬರ್ಟ್ ಮತ್ತೆ ನೋಡಿದರು, ನಾಲ್ಕಕ್ಕೆ ಮೂರು ಸ್ಟಾರ್ ಕೊಟ್ಟರು. ಬೈಗುಳ ತಿಂದವರಲ್ಲಿ ಎಷ್ಟು ಜನ ಹೀಗೆ ಮಾಡಿಯಾರು? ಕತ್ತರಿ ಏನು ಬದಲಿಸಿತು ಎಂದು ಆ ವಿಮರ್ಶೆಯಲ್ಲಿ ವಿವರಿಸಿದ್ದಾರೆ. ಸಂಕಲನ ಎಂದರೇನು ಎಂದು ಕೇಳುವ ಹುಡುಗರಿಗೆ ನಾನು ಓದಲು ಹೇಳುವುದು ಅದನ್ನೇ.

ಕೊನೆಕೊನೆಗೆ ಸ್ಟಾರ್ ಕೊಡುವುದರಲ್ಲಿ ಅವರ ಕೈ ಜಾಸ್ತಿ ಧಾರಾಳವಾಯಿತು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಕ್ಯಾನ್ಸರ್‌ನಿಂದ 2006ರಲ್ಲಿ ಮಾತು ಹೋಯಿತು, ಬಾಯಿಂದ ಊಟ ಮಾಡುವುದೂ ನಿಂತಿತು. ಬರವಣಿಗೆ ಮಾತ್ರ ಹೆಚ್ಚಾಯಿತು. 2012ರಲ್ಲಿ 306 ಸಿನಿಮಾಗಳಿಗೆ ವಿಮರ್ಶೆ ಬರೆದರು. ಅವರ ವೃತ್ತಿಯಲ್ಲೇ ಯಾವ ವರ್ಷವೂ ಅಷ್ಟು ಬರೆದಿರಲಿಲ್ಲ.

ನಮ್ಮ ಪತ್ರಿಕೆ ಸ್ಟಾರ್ ಕೊಡುವುದಿಲ್ಲ, ಮುಂದೆಯೂ ಕೊಡುವುದಿಲ್ಲ. ಅಷ್ಟರಲ್ಲಿ ನಾನು ನಿಮ್ಮ ಕಡೆಯೇ. ಸತ್ಯಜಿತ್ ರೇ ಅವರ ಅಪು ಚಿತ್ರಗಳ ಬಗ್ಗೆ ಎಬರ್ಟ್ ಬರೆದ ಪ್ರಬಂಧವೊಂದಿದೆ. ಓದಿ, ಆಮೇಲೂ ಜಗಳ ಬಾಕಿ ಇದ್ದರೆ ಇನ್ನೊಂದು ಪತ್ರ ಬರೆಯಿರಿ, ಅಚ್ಚು ಹಾಕುತ್ತೇವೆ.

– ಸಂಪಾದಕ