ಆನ್ಸೆಲ್ಮ್‌ನನ್ನು ಮೂರು ಸಾಲಿನಲ್ಲಿ ಮುಗಿಸಬೇಡಿ

ನಮಸ್ಕಾರ.

ನೀವು ಕಳಿಸಿದ ‘ದೇವರಿದ್ದಾನೆಯೇ? ಪಾಶ್ಚಾತ್ಯರ ಉತ್ತರ’ ಓದಿದೆ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಅಡಗಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಪ್ಲೇಟೋನಿಂದ ನೀಚೆವರೆಗೆ ಎಲ್ಲರನ್ನೂ ಕರೆತಂದಿದ್ದೀರಿ. ಒಬ್ಬೊಬ್ಬರಿಗೆ ಒಂದೊಂದು ಪ್ಯಾರಾ. ದೇವರಿದ್ದಾನೆ ಎಂದು ತೋರಿಸಲು ಅಕ್ವಿನಾಸ್ ಕೊಟ್ಟ ಐದು ದಾರಿಗಳು ಐದೇ ವಾಕ್ಯಕ್ಕೆ ಮುಗಿದಿವೆ. ಪಾಸ್ಕಲ್ ಬರುತ್ತಾನೆ, ದೇವರಿದ್ದಾನೆ ಎಂಬುದರ ಮೇಲೆ ಪಣ ಕಟ್ಟುತ್ತಾನೆ, ಹೋಗುತ್ತಾನೆ. ಯಾರ ಜೊತೆಗೂ ಕೂತು ಯೋಚಿಸಲು ಓದುವವರಿಗೆ ಪುರುಸೊತ್ತೇ ಇಲ್ಲ.

ಹನ್ನೊಂದನೇ ಶತಮಾನದ ಕ್ರೈಸ್ತ ಸನ್ಯಾಸಿ ಆನ್ಸೆಲ್ಮ್ ಬಗ್ಗೆ ನೀವು ಬರೆದದ್ದು ಇಷ್ಟು: ‘ದೇವರು ಎಲ್ಲಕ್ಕಿಂತ ದೊಡ್ಡವನು, ಆದ್ದರಿಂದ ಇರಲೇಬೇಕು ಎಂದು ಆನ್ಸೆಲ್ಮ್ ವಾದಿಸಿದ. ಗೌನಿಲೊ ಎಂಬ ನಾಸ್ತಿಕ ಇದನ್ನು ಗೇಲಿ ಮಾಡಿದ. ಕೊನೆಗೆ ಕಾಂಟ್ ಈ ವಾದವನ್ನು ಶಾಶ್ವತವಾಗಿ ಮುಗಿಸಿದ.’ ಮೂರು ವಾಕ್ಯದಲ್ಲೂ ತೊಂದರೆ ಇದೆ.

ಮೊದಲನೆಯದನ್ನು ಓದಿದವರು, ಇಷ್ಟು ಪೆದ್ದು ಮಾತು ಒಂಬೈನೂರು ವರ್ಷ ಹೇಗೆ ಉಳಿಯಿತು ಎಂದು ಕೇಳುತ್ತಾರೆ. ಆನ್ಸೆಲ್ಮ್ ಹೇಳಿದ್ದು ಅದಲ್ಲ. ಅವನು ‘ದೇವರಿಲ್ಲ’ ಅನ್ನುವವನನ್ನೇ ಎದುರಿಗೆ ಕೂರಿಸಿಕೊಳ್ಳುತ್ತಾನೆ. ದೇವರು ಅಂದರೆ, ಅದಕ್ಕಿಂತ ದೊಡ್ಡದನ್ನು ಯೋಚಿಸುವುದಕ್ಕೇ ಆಗದಂಥದ್ದು. ಈ ಮಾತು ಅರ್ಥವಾಯಿತಾ? ಆಯಿತು. ಹಾಗಾದರೆ ಅದು ನಿನ್ನ ಮನಸ್ಸಿನಲ್ಲಂತೂ ಇದೆ. ಮನಸ್ಸಿನಲ್ಲಿ ಮಾತ್ರ ಇದೆ, ಹೊರಗೆ ಇಲ್ಲ ಅಂತಿಟ್ಟುಕೊಳ್ಳೋಣ. ಆಗ ಹೊರಗೂ ಇರುವಂಥದ್ದನ್ನು ಯೋಚಿಸಬಹುದಲ್ಲ, ಅದು ಇದಕ್ಕಿಂತ ದೊಡ್ಡದಲ್ವಾ? ಯಾವುದಕ್ಕಿಂತ ದೊಡ್ಡದನ್ನು ಯೋಚಿಸಲು ಆಗದು ಅಂದೆಯೋ, ಅದಕ್ಕಿಂತ ದೊಡ್ಡದನ್ನು ಯೋಚಿಸಿದ ಹಾಗಾಯಿತು. ನಿನ್ನ ಮಾತಿಗೆ ನೀನೇ ಅಡ್ಡ ಬಂದೆ.

ಇಲ್ಲಿ ಏನೋ ಎಡವಟ್ಟಿದೆ ಅಂತ ಎಲ್ಲರಿಗೂ ಅನಿಸುತ್ತದೆ. ಎಲ್ಲಿ ಅಂತ ತಟ್ಟನೆ ಹೇಳಲು ಆಗುವುದಿಲ್ಲ. ಮುಂದೆ ದೊಡ್ಡ ತತ್ವಜ್ಞಾನಿಯಾದ ಬರ್ಟ್ರಂಡ್ ರಸೆಲ್ 1894ರಲ್ಲಿ ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗ, ತಂಬಾಕು ಕೊಂಡು ವಾಪಸ್ ಬರುವಾಗ, ಈ ವಾದ ಸರಿಯೇ ಇದೆ ಎಂದು ಹೊಳೆದು ಡಬ್ಬಿಯನ್ನು ಮೇಲಕ್ಕೆ ಎಸೆದು ಕೂಗಿದ್ದನಂತೆ. ಮುಂದೆ ಅವನು ವಾದವನ್ನು ಕೈಬಿಟ್ಟ, ದೇವರನ್ನೂ ನಂಬಲಿಲ್ಲ. ಆದರೂ, ವಾದ ತಪ್ಪು ಅನ್ನಿಸುವುದು ಸುಲಭ, ತಪ್ಪು ಎಲ್ಲಿದೆ ಎಂದು ತೋರಿಸುವುದು ಕಷ್ಟ ಎಂದು ಒಪ್ಪಿಕೊಂಡ. ನಿಮ್ಮ ಓದುಗರಿಗೂ ಒಂದು ಕ್ಷಣ ಹಾಗೆ ಆಗಬೇಕು. ಖಂಡನೆ ಆಮೇಲೆ ಬರಲಿ.

ಎರಡನೆಯದು ನೇರವಾದ ತಪ್ಪು. ಗೌನಿಲೊ ನಾಸ್ತಿಕನಲ್ಲ. ಫ್ರಾನ್ಸಿನ ತೂರ್ ಹತ್ತಿರದ ಮಾರ್ಮೂಟಿಯೆ ಮಠದ ಸನ್ಯಾಸಿ. ದೇವರನ್ನು ನಂಬಿದವನೇ, ಈ ವಾದವನ್ನು ಮಾತ್ರ ನಂಬಲಿಲ್ಲ. ‘ದೇವರಿಲ್ಲ’ ಅನ್ನುವ ಮೂರ್ಖನ ಪರವಾಗಿ ತಾನೇ ವಕೀಲನಾಗಿ ನಿಂತ. ಸಮುದ್ರದಲ್ಲೆಲ್ಲೋ ಕಳೆದುಹೋದ ಒಂದು ದ್ವೀಪ ಇದೆಯಂತೆ, ಅದಕ್ಕಿಂತ ಒಳ್ಳೆಯ ನೆಲವೇ ಇಲ್ಲವಂತೆ; ಅಷ್ಟು ಒಳ್ಳೆಯದು ಅನ್ನುವ ಕಾರಣಕ್ಕೇ ಅದು ಇರಲೇಬೇಕು ಅಂದರೆ ಒಪ್ಪುತ್ತೀಯಾ ಎಂದು ಕೇಳಿದ. ಆನ್ಸೆಲ್ಮ್ ಉತ್ತರಿಸಿದ: ಅದಕ್ಕಿಂತ ದೊಡ್ಡದನ್ನು ಯೋಚಿಸಲು ಆಗದಂಥ ಆ ಒಂದಕ್ಕೆ ಮಾತ್ರ ನನ್ನ ವಾದ ಹೊಂದುತ್ತದೆ. ಬೇರೆ ಯಾವುದಕ್ಕಾದರೂ ಹೊಂದುತ್ತದೆ ಎಂದು ತೋರಿಸಿದರೆ, ಆ ದ್ವೀಪವನ್ನು ಹುಡುಕಿ ಕೊಡುತ್ತೇನೆ, ಮತ್ತೆ ಕಳೆಯದ ಹಾಗೆ.

ನನಗೆ ತುಂಬಾ ಇಷ್ಟವಾಗುವುದು ಇದರ ಮುಂದಿನ ಸಂಗತಿ. ತನ್ನ ಪುಸ್ತಕದ ಜೊತೆ ಗೌನಿಲೊನ ಆಕ್ಷೇಪವನ್ನೂ ತನ್ನ ಉತ್ತರವನ್ನೂ ಸೇರಿಸಿಯೇ ನಕಲು ಮಾಡಬೇಕು ಎಂದು ಆನ್ಸೆಲ್ಮ್ ಹೇಳಿದ. ತನ್ನ ವಿರೋಧಿಯನ್ನು ತಾನೇ ಉಳಿಸಿಕೊಟ್ಟ. ಇದು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಇದ್ದಿದ್ದರೆ, ಆಸ್ತಿಕ ಒಂದು ಕಡೆ, ನಾಸ್ತಿಕ ಇನ್ನೊಂದು ಕಡೆ ಎಂದು ನೀವು ಗೆರೆ ಎಳೆಯುತ್ತಿರಲಿಲ್ಲ.

ಇನ್ನು ಮೂರನೆಯದು, ಜರ್ಮನ್ ತತ್ವಜ್ಞಾನಿ ಕಾಂಟ್ ವಿಷಯ. 1781ರಲ್ಲಿ ಅವನು ಕೊಟ್ಟ ಪೆಟ್ಟು ದೊಡ್ಡದೇ. ಮನಸ್ಸಿನಲ್ಲಿರುವ ನೂರು ಥಾಲರ್ ನಾಣ್ಯಕ್ಕೂ ಕೈಯಲ್ಲಿರುವ ನೂರಕ್ಕೂ ಎಣಿಕೆಯಲ್ಲಿ ವ್ಯತ್ಯಾಸವಿಲ್ಲ. ‘ಇರುವುದು’ ಎಂಬುದು ವಸ್ತುವಿಗೆ ಸೇರಿಸುವ ಇನ್ನೊಂದು ಗುಣವಲ್ಲ, ಹಾಗಾಗಿ ಹೊರಗೂ ಇದ್ದ ಮಾತ್ರಕ್ಕೆ ಅದು ದೊಡ್ಡದಾಗುವುದಿಲ್ಲ ಎಂದ. ಆದರೆ ‘ಶಾಶ್ವತವಾಗಿ’ ಅನ್ನಬೇಡಿ. 1960ರಲ್ಲಿ ಅಮೆರಿಕದ ತತ್ವಜ್ಞಾನಿ ನಾರ್ಮನ್ ಮಾಲ್ಕಮ್, ಆನ್ಸೆಲ್ಮ್‌ನ ಪುಸ್ತಕದ ಮೂರನೇ ಅಧ್ಯಾಯದಲ್ಲಿ ಬೇರೆಯದೇ ವಾದ ಇದೆ, ಅದಕ್ಕೆ ಈ ಪೆಟ್ಟು ತಗಲುವುದಿಲ್ಲ ಎಂದು ಮತ್ತೆ ಚರ್ಚೆ ಎಬ್ಬಿಸಿದ.

ಹೊಸ ಲೇಖನವನ್ನು ನಾರ್ಮಂಡಿಯ ಬೆಕ್ ಮಠದಿಂದ ಶುರು ಮಾಡಿ, 1078ರ ಸುಮಾರು. ಈ ಒಂದು ವಾದದ ಬೆನ್ನು ಹತ್ತಿ ಆನ್ಸೆಲ್ಮ್‌ಗೆ ಊಟ, ನಿದ್ದೆ ಬಿಟ್ಟುಹೋಗಿತ್ತು ಎಂದು ಅವನ ಶಿಷ್ಯ ಈಡ್ಮರ್ ಬರೆದಿದ್ದಾನೆ. ರಾತ್ರಿ ಪ್ರಾರ್ಥನೆಯ ಹೊತ್ತಿಗೆ ಹೊಳೆಯಿತಂತೆ. ಮೇಣದ ಹಲಗೆಯ ಮೇಲೆ ಬರೆದಿಟ್ಟರೆ ಹಲಗೆ ಕಾಣೆಯಾಯಿತು. ಮತ್ತೆ ಬರೆದ. ಈ ಸಲ ಮೇಣ ಚೂರುಚೂರಾಗಿ ನೆಲದ ಮೇಲೆ ಬಿದ್ದಿತ್ತು. ಚೂರುಗಳನ್ನು ಜೋಡಿಸಿ ಚರ್ಮದ ಹಾಳೆಗೆ ಇಳಿಸಿದರು. ಪುಸ್ತಕ ಇರುವುದೂ ಪ್ರಾರ್ಥನೆಯ ರೂಪದಲ್ಲೇ, ದೇವರನ್ನು ‘ನೀನು’ ಎಂದು ಕರೆಯುತ್ತಾ. ನಂಬಿದವನು ಪುರಾವೆ ಯಾಕೆ ಹುಡುಕಿದ? ಲೇಖನದ ಜೀವ ಇರುವುದು ಈ ಪ್ರಶ್ನೆಯಲ್ಲಿ.

‘ನಮ್ಮ ಋಷಿಗಳು ಇದನ್ನೆಲ್ಲ ಎಂದೋ ಹೇಳಿದ್ದರು’ ಎಂಬ ಕೊನೆಯ ಪ್ಯಾರಾ ತೆಗೆದುಬಿಡಿ. ನ್ಯಾಯದರ್ಶನದ ಉದಯನ ದೇವರಿಗೆ ಪುರಾವೆ ಕೊಟ್ಟಿದ್ದು ನಿಜ. ಆದರೆ ಅವನ ಮುಖ್ಯ ವಾದ ಲೋಕ ಒಂದು ಕಾರ್ಯ, ಅಂದರೆ ಉಂಟಾದದ್ದು, ಅದಕ್ಕೊಬ್ಬ ಕರ್ತೃ ಬೇಕು ಎಂಬುದು. ಅದು ಬೇರೆ ದಾರಿ. ಬರೆಯುವುದಾದರೆ ಅದನ್ನೇ ಇನ್ನೊಂದು ಲೇಖನ ಮಾಡಿ.

ಇಬ್ಬರು ಸನ್ಯಾಸಿಗಳು, ಒಂದು ದ್ವೀಪ, ಸಾವಿರದೈನೂರು ಪದ. ಕಾಂಟ್ ಬೇಕಾದಷ್ಟೇ ಬರಲಿ. ದ್ವೀಪದ ಆಕ್ಷೇಪಕ್ಕೆ ಆನ್ಸೆಲ್ಮ್ ಕೊಟ್ಟ ಉತ್ತರ ನಿಮಗೆ ಸಾಕು ಅನ್ನಿಸಿತಾ ಇಲ್ವಾ, ಅದನ್ನೂ ಕಾರಣ ಕೊಟ್ಟು ಬರೆಯಿರಿ. ನನಗೆ ಪೂರ್ತಿ ಸಾಕು ಅನ್ನಿಸಿಲ್ಲ. ನಿಮ್ಮದು ಬೇರೆ ಅಭಿಪ್ರಾಯವಾದರೆ ಇನ್ನೂ ಸಂತೋಷದಿಂದ ಹಾಕುತ್ತೇನೆ.

ಇಂತಿ,
ಸಂಪಾದಕ