ಪೋರ್ಟ್‌ಲ್ಯಾಂಡ್‌ನ ಮಹಿಳಾ ರೋಲರ್ ಡರ್ಬಿ ಸುದ್ದಿ ಕ್ರೀಡಾಪುಟದಲ್ಲಿ ಏಕೆ ಅಪರೂಪ?

ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ರೋಲರ್ ಡರ್ಬಿ (ಚಕ್ರದ ಬೂಟು ತೊಟ್ಟು ಅಂಡಾಕಾರದ ಟ್ರ್ಯಾಕಿನಲ್ಲಿ ಆಡುವ ಆಟ) ನಡೆಸುವ ರೋಸ್ ಸಿಟಿ ರೋಲರ್ಸ್ ಲೀಗಿನ ಋತು ಹೇಗೆ ಸಾಗುತ್ತದೆ, ಇಷ್ಟು ಗೆದ್ದ ತಂಡದ ಸುದ್ದಿ ಊರಿನ ಪತ್ರಿಕೆಗಳ ಕ್ರೀಡಾಪುಟದಲ್ಲಿ ಏಕೆ ಅಪರೂಪ ಎಂದು ಕೇಳಿದ್ದೀರಿ. ಪಂದ್ಯಗಳಲ್ಲಿ ಅಂಕ ಬರೆಯುವ ಸ್ವಯಂಸೇವಕಿಯಾಗಿ ನಾನು ಕಂಡುಕೊಂಡದ್ದನ್ನು ಹೇಳುತ್ತೇನೆ.

2004ರಲ್ಲಿ ಆರಂಭವಾದ ಈ ಲೀಗಿನಲ್ಲಿ ಋತುವಿಗೆ ಎರಡು ಮುಖಗಳಿವೆ. ಬ್ರೇಕ್ ನೆಕ್ ಬೆಟ್ಟೀಸ್, ಹಾರ್ಟ್‌ಲೆಸ್ ಹೆದರ್ಸ್ ಮೊದಲಾದ ಊರಿನ ತಂಡಗಳು ತಮ್ಮತಮ್ಮಲ್ಲೇ ಆಡಿ ಪ್ರಶಸ್ತಿಯನ್ನು ತೀರ್ಮಾನಿಸಿಕೊಳ್ಳುತ್ತವೆ. ಇವುಗಳಿಂದ ಆಯ್ದ ಆಟಗಾರ್ತಿಯರೇ ವೀಲ್ಸ್ ಆಫ್ ಜಸ್ಟಿಸ್ ಎಂಬ ಹೆಸರಿನಲ್ಲಿ ಬೇರೆ ನಗರಗಳ ಲೀಗುಗಳನ್ನು ಎದುರಿಸುತ್ತಾರೆ. ಋತುವಿನ ನಡುವೆ ಒಂದೇ ಒಂದು ಪಂದ್ಯದ ವರದಿ ಓದಿದವರಿಗೆ ಇದು ಯಾವ ಸರಣಿ, ಗೆದ್ದವರಿಗೆ ಏನು ಸಿಕ್ಕಿತು ಎಂಬುದೇ ತಿಳಿಯುವುದಿಲ್ಲ.

ಕ್ರೀಡಾಪುಟಕ್ಕೆ ಬೇಕಾದ ಕಥೆಗೇನೂ ಇಲ್ಲಿ ಬರವಿಲ್ಲ. 2014ರಲ್ಲಿ ನ್ಯಾಶ್‌ವಿಲ್‌ನಲ್ಲಿ ನಡೆದ, ಮಹಿಳಾ ಡರ್ಬಿ ಲೀಗುಗಳ ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಫೈನಲ್‌ನಲ್ಲಿ ನ್ಯೂಯಾರ್ಕಿನ ಗೋಥಮ್ ತಂಡದ ಎದುರು ನಮ್ಮವರು 144–147ರಿಂದ, ಕೇವಲ ಮೂರು ಅಂಕಗಳಿಂದ ಸೋತರು. ಮರುವರ್ಷ ಅದೇ ತಂಡವನ್ನು 206–195ರಿಂದ ಮಣಿಸಿ ಮೊದಲ ಬಾರಿಗೆ ಚಾಂಪಿಯನ್ನರಾದರು. 2016, 2018 ಮತ್ತು 2019ರಲ್ಲೂ ಪ್ರಶಸ್ತಿ ಇಲ್ಲಿಗೇ ಬಂತು. 2017ರಲ್ಲಿ ಮಾತ್ರ ಮೆಲ್ಬರ್ನ್‌ನ ತಂಡ ಅದನ್ನು ಕಸಿದುಕೊಂಡಿತು.

ಪತ್ರಿಕೆಗಳು ಏನೂ ಬರೆದಿಲ್ಲ ಎನ್ನಲಾಗದು. ಆದರೆ ಬರೆದದ್ದರಲ್ಲಿ ಹೆಚ್ಚಿನವು ಪುರವಣಿಯ ಲೇಖನಗಳು: ಆಟಗಾರ್ತಿಯರ ಚಮತ್ಕಾರದ ಅಡ್ಡಹೆಸರುಗಳು, ಹಚ್ಚೆ, ಹಗಲಿನ ಉದ್ಯೋಗ. ಪ್ರತಿ ವರ್ಷವೂ ಆಟದ ಪರಿಚಯವೇ ಹೊಸದಾಗಿ ಶುರುವಾಗುತ್ತದೆ, ಅಂಕಗಳವರೆಗೆ ಬರಹ ತಲುಪುವುದೇ ಇಲ್ಲ. 1935ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಡರ್ಬಿ ಮುಂದೆ ಟಿವಿಯಲ್ಲಿ ಕುಸ್ತಿಯ ನಾಟಕದಂತೆ ಬೆಳೆದದ್ದರಿಂದ, 2001ರಲ್ಲಿ ಆಸ್ಟಿನ್‌ನಲ್ಲಿ ಮಹಿಳೆಯರು ಅದಕ್ಕೆ ಮರುಜೀವ ಕೊಟ್ಟು ನಿಜವಾದ ಸ್ಪರ್ಧೆಯಾಗಿಸಿದ ಮೇಲೂ, ಫಲಿತಾಂಶ ಮೊದಲೇ ನಿಗದಿಯಾಗಿರುತ್ತದೆಂಬ ಗುಮಾನಿ ಪೂರ್ತಿ ಅಳಿದಿಲ್ಲ. ಇದರ ಜೊತೆಗೆ ಪಂದ್ಯಗಳು ಬಹುಪಾಲು ವಾರಾಂತ್ಯದ ರಾತ್ರಿ ಮುಗಿಯುತ್ತವೆ. ಆ ಹೊತ್ತಿಗೆ ವರದಿ ಕಳುಹಿಸಲು ಲೀಗಿನಲ್ಲಿ ಉಳಿದಿರುವವರು ದಣಿದ ಸ್ವಯಂಸೇವಕರು ಮಾತ್ರ.

ಇದಕ್ಕಿಂತ ದೊಡ್ಡ ತೊಡಕು ಆಟವನ್ನು ನೋಡುವ ಬಗೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಒಂದು ಜ್ಯಾಮ್, ಅಂದರೆ ಆಟದ ಒಂದು ಸರದಿ, ಹೆಚ್ಚೆಂದರೆ ಎರಡು ನಿಮಿಷ. ಹೆಲ್ಮೆಟ್ ಮೇಲೆ ನಕ್ಷತ್ರವಿರುವ ಜ್ಯಾಮರ್ (ತಂಡಕ್ಕೆ ಅಂಕ ಗಳಿಸುವವಳು), ಎದುರಾಳಿಯ ನಾಲ್ವರು ಬ್ಲಾಕರುಗಳು (ತಡೆಯುವವರು) ಕಟ್ಟಿದ ಗೋಡೆಯನ್ನು ಭೇದಿಸಿ ಮೊದಲು ಹೊರಬಂದರೆ, ಜ್ಯಾಮ್ ನಿಲ್ಲಿಸುವ ಹಕ್ಕುಳ್ಳ ಲೀಡ್ ಜ್ಯಾಮರ್ ಆಗುತ್ತಾಳೆ. ಸುತ್ತು ಹಾಕಿ ಬಂದು ಎದುರಾಳಿಗಳನ್ನು ದಾಟಿ ನಾಲ್ಕು ಅಂಕ ಗಳಿಸುತ್ತಾಳೆ. ಅಷ್ಟರಲ್ಲಿ ಎದುರಾಳಿ ಜ್ಯಾಮರ್ ಹಿಂದೆ ನುಗ್ಗಿಬರುವುದನ್ನು ಕಂಡೊಡನೆ ಅವಳಿಗೆ ಅಂಕ ಸಿಗದಂತೆ ಎರಡೂ ಕೈಗಳಿಂದ ಸೊಂಟ ತಟ್ಟಿ ಜ್ಯಾಮನ್ನೇ ನಿಲ್ಲಿಸಿಬಿಡುತ್ತಾಳೆ. ಪಂದ್ಯದ ಅತ್ಯಂತ ಜಾಣ ನಿರ್ಧಾರ ಅದೇ ಆಗಿರಬಹುದು. ಆದರೆ ಛಾಯಾಗ್ರಾಹಕರ ಕ್ಯಾಮೆರಾ ಬಿದ್ದವರ ಕಡೆಗೆ ತಿರುಗಿರುತ್ತದೆ.

ಲೀಗುಗಳು ನೇರಪ್ರಸಾರ, ಅಂಕಿಅಂಶಗಳನ್ನು ತಾವೇ ಒದಗಿಸುತ್ತಿವೆ. ಅವು ತಲುಪುವುದು ಈಗಾಗಲೇ ಅಭಿಮಾನಿಗಳಾದವರನ್ನು. ಹೊಸಬರನ್ನು ಕರೆತರಲು ಊರಿನ ಪತ್ರಿಕೆಯೇ ಬೇಕು, ಅದಕ್ಕೆ ದೊಡ್ಡ ಲೇಖನವೂ ಬೇಕಿಲ್ಲ: ಪ್ರತಿ ಪಂದ್ಯದ ಮರುದಿನ ಅಂತಿಮ ಅಂಕ, ಹೆಚ್ಚು ಅಂಕ ಗಳಿಸಿದ ಜ್ಯಾಮರ್ ಹೆಸರು ಮತ್ತು ಮುಂದಿನ ಪಂದ್ಯದ ದಿನಾಂಕವನ್ನು ನಾಲ್ಕು ಸಾಲಿನಲ್ಲಿ ಋತುವಿಡೀ ತಪ್ಪದೆ ಪ್ರಕಟಿಸಿದರೆ ಸಾಕು. ತಾವೂ ಸಂಪಾದಕರಿಗೆ ಪತ್ರ ಬರೆಯುವುದಾದರೆ ದಯವಿಟ್ಟು ಇಷ್ಟನ್ನೇ ಕೇಳಿ.